ನಾಲ್ಕು ವರ್ಷ, ಎರಡು ಬಗೆಯ ಹೈಡ್ರಾಲಿಕ್ ಬ್ರೇಕ್: ಚಾಮುಂಡಿ ಬೆಟ್ಟದ ಇಳಿಜಾರಿನಲ್ಲಿ ಕಂಡದ್ದು

ನನ್ನ ಮೌಂಟನ್ ಬೈಕನ್ನು ಕೊಂಡಾಗ ಅದರಲ್ಲಿ ಶಿಮಾನೊ ಎಂಟಿ200 ಡಿಸ್ಕ್ ಬ್ರೇಕುಗಳಿದ್ದವು. ಎರಡೂವರೆ ವರ್ಷ ಅವನ್ನೇ ಬಳಸಿ, ಆಮೇಲೆ ಮುಂದಿನ ಚಕ್ರಕ್ಕೆ ಮಾತ್ರ ಅದೇ ಕಂಪನಿಯ ಡಿಯೋರ್ ಎಂ6120 ನಾಲ್ಕು ಪಿಸ್ಟನ್ ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಹಾಕಿಸಿದೆ. ಅದಕ್ಕೂ ಈಗ ಒಂದೂವರೆ ವರ್ಷವಾಯಿತು. ವಾರಕ್ಕೆರಡು ಬಾರಿ ಚಾಮುಂಡಿ ಬೆಟ್ಟ, ಭಾನುವಾರಗಳಲ್ಲಿ ವರುಣಾ ನಾಲೆಯ ಏರಿಯ ಮಣ್ಣುದಾರಿ, ಅಪರೂಪಕ್ಕೆ ಕುಂತಿಬೆಟ್ಟದ ಕಡೆ: ನನ್ನ ಓಡಾಟ ಇಷ್ಟು. ನನ್ನ ತೂಕ 86 ಕೆ.ಜಿ. ಇದನ್ನು ಮುಚ್ಚಿಟ್ಟು ಬ್ರೇಕಿನ ಮಾತಾಡುವುದು ಸರಿಯಲ್ಲ.

ಎಂಟಿ200 ಎರಡು ಪಿಸ್ಟನ್ನಿನ, ಮಿನರಲ್ ಆಯಿಲ್ ತುಂಬಿದ ಸರಳ ಬ್ರೇಕು. ಊರೊಳಗೂ ನಾಲೆಯ ಏರಿಯ ಮೇಲೂ ಅದರಲ್ಲಿ ಕೊರತೆ ಕಾಣಲಿಲ್ಲ. ಬೆಟ್ಟದ ಇಳಿಜಾರಿನಲ್ಲಿ ಮಾತ್ರ, ಒಂದೇ ಸಮನೆ ಬ್ರೇಕ್ ಹಿಡಿದುಕೊಂಡು ಬಂದರೆ, ಕೆಳಗಿನ ತಿರುವುಗಳ ಹೊತ್ತಿಗೆ ಸುಟ್ಟ ವಾಸನೆ ಬರುತ್ತಿತ್ತು. ಲಿವರ್ ಗಟ್ಟಿಯಾಗಿಯೇ ಇರುತ್ತಿತ್ತು, ಬೈಕು ಮಾತ್ರ ನಿಲ್ಲಲು ಸತಾಯಿಸುತ್ತಿತ್ತು. ಲಿವರ್ ಮೆತ್ತಗಾಗಿ ಹ್ಯಾಂಡಲ್‌ವರೆಗೆ ಬಂದರೆ ಆಯಿಲ್ ಕುದಿದಿದೆ ಅಥವಾ ಗಾಳಿ ಸೇರಿದೆ ಎಂದರ್ಥ. ಗಟ್ಟಿಯಾಗಿದ್ದೂ ಹಿಡಿತ ಸಾಲದಿದ್ದರೆ ಕಾದಿರುವುದು ಪ್ಯಾಡು. ಈ ವ್ಯತ್ಯಾಸ ತಿಳಿಯದೆ ನಾನು ಎರಡು ಸಲ ಸುಮ್ಮನೆ ಬ್ಲೀಡ್ ಮಾಡಿಸಿ, ಅಂದರೆ ಆಯಿಲಿನಲ್ಲಿ ಸೇರಿದ ಗಾಳಿ ತೆಗೆಸಿ, ದುಡ್ಡು ಕಳೆದೆ. ನನ್ನ ಡಿಸ್ಕಿನ ಮೇಲೆ ರೆಸಿನ್ (ರಾಳದ ಮಿಶ್ರಣದ) ಪ್ಯಾಡ್ ಮಾತ್ರ ಬಳಸಬೇಕೆಂದು ಅಚ್ಚಾಗಿತ್ತು, ಆದ್ದರಿಂದ ಶಾಖ ತಡೆಯುವ ಲೋಹದ ಪ್ಯಾಡನ್ನು ಅದಕ್ಕೆ ಹಾಕುವಂತೆಯೂ ಇರಲಿಲ್ಲ.

ಹಾಗಾಗಿ ಮೊದಲು ಬದಲಿಸಿದ್ದು ಡಿಸ್ಕನ್ನು. 160 ಮಿ.ಮೀ. ಜಾಗದಲ್ಲಿ, ಅಡಾಪ್ಟರ್ ಸೇರಿಸಿ, ಲೋಹದ ಪ್ಯಾಡಿಗೂ ಹೊಂದುವ 180 ಮಿ.ಮೀ. ಡಿಸ್ಕ್ ಬಂತು. ವ್ಯಾಸ ಎಂಟನೇ ಒಂದು ಭಾಗ ಹೆಚ್ಚಿದ್ದರಿಂದ ಅದೇ ಹಿಡಿತಕ್ಕೆ ತಡೆಯೂ ಹೆಚ್ಚೂಕಡಿಮೆ ಅಷ್ಟೇ ಹೆಚ್ಚಿತು, ಕಾಯುವುದೂ ತಗ್ಗಿತು. ನಿಜ ಹೇಳಬೇಕೆಂದರೆ, ಖರ್ಚಿಗೆ ಹೋಲಿಸಿದರೆ ನನಗೆ ಹೆಚ್ಚು ಲಾಭ ಸಿಕ್ಕಿದ್ದು ಇಲ್ಲೇ.

ಎಂ6120 ಬಂದ ಮೇಲೆ ಬದಲಾದದ್ದು ಬಲಕ್ಕಿಂತ ಹೆಚ್ಚಾಗಿ ಅದರ ಮೇಲಿನ ಹತೋಟಿ. ಹಳೆಯದರ ಉದ್ದ ಲಿವರಿಗೆ ಎರಡು ಮೂರು ಬೆರಳು ಬೇಕಾಗುತ್ತಿತ್ತು; ಇದಕ್ಕೆ ತೋರುಬೆರಳೊಂದು ಸಾಕು, ಮಿಕ್ಕ ಬೆರಳುಗಳು ಹ್ಯಾಂಡಲನ್ನು ಭದ್ರವಾಗಿ ಹಿಡಿದಿರುತ್ತವೆ. ಇದರ ಲಿವರಿನಲ್ಲಿರುವ ಸರ್ವೊ ವೇವ್ ಏರ್ಪಾಟಿನಿಂದ ಪ್ಯಾಡು ಮೊದಲು ಬೇಗನೆ ಡಿಸ್ಕಿನ ಬಳಿ ಬರುತ್ತದೆ, ಅನಂತರ ಒತ್ತುವ ಬಲ ಏರುತ್ತದೆ. ಒದ್ದೆ ಮಣ್ಣಿನಲ್ಲಿ ಮಾತ್ರ ಮೊದಮೊದಲು ಈ ಚುರುಕಿಗೆ ಬೆರಳು ಒಗ್ಗದೆ ಮುಂದಿನ ಚಕ್ರ ಜಾರಿ, ನಾಲೆಯ ಏರಿಯ ಮೇಲೆ ಒಮ್ಮೆ ಮೊಣಕೈ ತರಚಿಕೊಂಡೆ.

ಮಿಕ್ಕ ತೊಂದರೆಗಳೆಲ್ಲ ನಾನೇ ತಂದುಕೊಂಡವು. ಚೈನಿಗೆ ಸ್ಪ್ರೇ ಹೊಡೆಯುವಾಗ ಹಿಂದಿನ ಚಕ್ರದ ಡಿಸ್ಕಿಗೂ ಎಣ್ಣೆ ಸಿಡಿದು, ಬ್ರೇಕು ಎಂಥ ಕಿರುಚಾಟಕ್ಕಿಳಿಯಿತೆಂದರೆ, ಲಲಿತಮಹಲ್ ರಸ್ತೆಯಲ್ಲಿ ಬೆಲ್ ಹೊಡೆಯುವ ಅಗತ್ಯವೇ ಬೀಳಲಿಲ್ಲ. ಪ್ಯಾಡನ್ನು ಗ್ಯಾಸ್ ಒಲೆಯ ಮೇಲೆ ಕಾಯಿಸಿದರೆ ಎಣ್ಣೆ ಹೋಗುತ್ತದೆಂದು ಯಾರೋ ಹೇಳಿದ್ದನ್ನು ನಂಬಿ ಕಾಯಿಸಿದೆ. ಅಡುಗೆಮನೆ ನಾರಿತು, ಅಮ್ಮನಿಂದ ಬೈಗುಳವೂ ಆಯಿತು, ಕಿರುಚು ಹೋಗಲಿಲ್ಲ. ಕೊನೆಗೆ ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಹೊಸ ಪ್ಯಾಡ್ ಹಾಕಿದೆ.

ಗೆಳೆಯನ ಬೈಕಿನಲ್ಲಿ ಸ್ರ್ಯಾಮ್ ಕಂಪನಿಯ ಕೋಡ್ ಬ್ರೇಕಿದೆ, ಅದರೊಳಗಿರುವುದು ಮಿನರಲ್ ಆಯಿಲಲ್ಲ, ಡಾಟ್ 5.1 ಎಂಬ ದರ್ಜೆಯ ಬ್ರೇಕ್ ದ್ರವ. ಹೊಸದಾಗಿದ್ದಾಗ ಅದರ ಕುದಿಬಿಂದು ಕನಿಷ್ಠ 260 ಡಿಗ್ರಿ ಸೆಲ್ಸಿಯಸ್; ಆದರೆ ಅದು ತೇವ ಹೀರುತ್ತದೆ, ತೇವ ಹೀರಿದ ದ್ರವಕ್ಕೆ ನಿಗದಿಯಾದ ಕನಿಷ್ಠ ಮಿತಿ 180 ಡಿಗ್ರಿ ಮಾತ್ರ. ಆದಕಾರಣ ಅವನು ಅದನ್ನು ವರ್ಷಕ್ಕೊಮ್ಮೆ ಬದಲಿಸುತ್ತಾನೆ, ಬದಲಿಸುವಾಗ ಚೆಲ್ಲಿದರೆ ಬಣ್ಣ ಕಿತ್ತುಬರುತ್ತದೆಂದು ಫ್ರೇಮಿಗೆ ಬಟ್ಟೆ ಸುತ್ತಿಟ್ಟುಕೊಳ್ಳುತ್ತಾನೆ. ಮಿನರಲ್ ಆಯಿಲಿಗೆ ಈ ಕಾಟವಿಲ್ಲ. ಆದರೂ ಒಳಗೆ ನೀರು ಸೇರಿದರೆ ಅದು ಬೆರೆಯದೆ ಕೆಳಗೆ, ಕ್ಯಾಲಿಪರಿನಲ್ಲಿ ನಿಲ್ಲುತ್ತದೆ, ನೀರು ಕುದಿಯುವುದು 100 ಡಿಗ್ರಿಗೇ. ಒಂದರ ದ್ರವವನ್ನು ಇನ್ನೊಂದಕ್ಕೆ ಹಾಕಿದರೆ ಸೀಲುಗಳು ಕೆಡುತ್ತವೆ.

ಹಿಂದಿನ ಚಕ್ರದ ಎಂಟಿ200 ಅನ್ನು ಬದಲಿಸುವ ಯೋಚನೆ ನನಗಿಲ್ಲ. ಮುಂದಿನ ಚಕ್ರದ ಡಿಸ್ಕು ಹೊಸದರಲ್ಲಿ 1.8 ಮಿ.ಮೀ. ದಪ್ಪವಿತ್ತು, ಮೊನ್ನೆ ಅಳೆದಾಗ 1.6 ಬಂತು, 1.5ಕ್ಕೆ ಇಳಿದರೆ ಬದಲಿಸಲೇಬೇಕಾದುದರಿಂದ, ಈ ಮಳೆಗಾಲ ಮುಗಿಯುವ ಮೊದಲೇ ಹೊಸದೊಂದನ್ನು ತರಿಸಿಟ್ಟುಕೊಳ್ಳುತ್ತೇನೆ.