ಸಂಜೆಯ ಫೋನು: ದೊಡ್ಡಮ್ಮನಿಗೆ ಮಾಡಿಸಿಕೊಟ್ಟ ಸ್ವಯಂಚಾಲಿತ ಕರೆ ಸೇವೆಯ ಮೂರು ತಿಂಗಳು

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆ ಬಿಟ್ಟು ಎರಡು ಕಿಲೋಮೀಟರ್ ಒಳಗೆ ಇಳಿದರೆ ನಮ್ಮ ದೊಡ್ಡಮ್ಮನ ತೋಟದ ಮನೆ. ಅವರಿಗೆ ಈಗ 79 ವರ್ಷ. ದೊಡ್ಡಪ್ಪ ತೀರಿಕೊಂಡು ಆರು ವರ್ಷವಾಯಿತು, ಮಗ ಬೆಂಗಳೂರಿನಲ್ಲಿದ್ದಾನೆ, ಶಿವಮೊಗ್ಗದಲ್ಲಿರುವ ನಾನು ಭಾನುವಾರ ಫೋನು ಮಾಡುತ್ತೇನೆ, ತಿಂಗಳಿಗೊಮ್ಮೆ ಹೋಗಿಬರುತ್ತೇನೆ. ಹಿಂದೆ ಅಡಿಕೆ ಸುಲಿಯುವ ಕಾಲದಲ್ಲಿ ಆ ಮನೆಯ ಜಗಲಿಯಲ್ಲಿ ರಾತ್ರಿ ಹತ್ತರವರೆಗೂ ಹದಿನೈದು ಇಪ್ಪತ್ತು ಜನ ಮೆಟ್ಟುಗತ್ತಿಯ ಮುಂದೆ ಕೂತಿರುತ್ತಿದ್ದರು. ಊರಿನ ಸುದ್ದಿ, ಮದುವೆಯ ಮಾತು, ಜಗಳ, ಹಾಡು ಎಲ್ಲವೂ ಅಲ್ಲಿಯೇ ನಡೆಯುತ್ತಿತ್ತು. ಈಗ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಡುವುದರಿಂದ ಸುಲಿಯುವವರು ಯಾರೂ ಮನೆಗೆ ಬರುವುದಿಲ್ಲ. ಮಳೆಗಾಲದ ನಾಲ್ಕು ತಿಂಗಳಂತೂ ಹಾಲು ತರುವ ಹುಡುಗನನ್ನು ಬಿಟ್ಟರೆ ಅಂಗಳಕ್ಕೆ ಕಾಲಿಡುವವರೇ ಇಲ್ಲ.

ಈ ಕಾರಣಕ್ಕಾಗಿ ಜೂನ್ ಮೊದಲ ವಾರ ದೊಡ್ಡಮ್ಮನಿಗೆ ಒಂದು ಕರೆ ಸೇವೆಯನ್ನು ಮಾಡಿಸಿಕೊಟ್ಟೆ. ಕಂಪ್ಯೂಟರು ದಿನಕ್ಕೊಮ್ಮೆ ನಿಗದಿತ ಹೊತ್ತಿಗೆ ತಾನೇ ಫೋನು ಮಾಡಿ, ಕನ್ನಡದಲ್ಲಿ ಹತ್ತು ನಿಮಿಷ ಮಾತನಾಡುತ್ತದೆ. ಸ್ಮಾರ್ಟ್‌ಫೋನ್ ಬೇಕಿಲ್ಲ, ಒತ್ತಬೇಕಾದ ಗುಂಡಿಗಳಿಲ್ಲ, ಫೋನು ಎತ್ತಿದರೆ ಸಾಕು. ತಿಂಗಳಿಗೆ 399 ರೂಪಾಯಿ. ಸೇವೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ನಾನು ಹೇಳಬೇಕಾದ ಮುಖ್ಯ ಮಾತು ಈ ಬಗೆಯ ಸೇವೆಗಳಿಗೆಲ್ಲ ಅನ್ವಯಿಸುವಂಥದ್ದು.

ಮೊದಲು ಇದರ ಒಳ್ಳೆಯ ಗುಣಗಳನ್ನು ಹೇಳುತ್ತೇನೆ. ಕರೆ ಒಂದೇ ನಂಬರಿನಿಂದ ಬರುತ್ತದೆ. ಗುರುತಿಲ್ಲದ ನಂಬರು ಎತ್ತಬೇಡಿ, ಪೊಲೀಸರೆಂದು ಹೆದರಿಸಿ ಹಣ ಕೀಳುವವರಿದ್ದಾರೆ ಎಂದು ನಾವೇ ಹಿರಿಯರಿಗೆ ಹೇಳಿ ಹೇಳಿ ಹೆದರಿಸಿಟ್ಟಿರುವ ಈ ದಿನಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ಹೊತ್ತು ತಪ್ಪುವುದಿಲ್ಲ. ಹಿಂದಿನ ದಿನ ಮೊಣಕಾಲು ನೋವೆಂದಿದ್ದರೆ ಮರುದಿನ ನೆನಪಿಟ್ಟು ವಿಚಾರಿಸುತ್ತದೆ. ಹೇಳಿದ್ದನ್ನೇ ನಾಲ್ಕು ಸಲ ಹೇಳಿದರೂ ಅದರ ಧ್ವನಿಯಲ್ಲಿ ಬೇಸರ ಕಾಣುವುದಿಲ್ಲ. ನನ್ನ ಧ್ವನಿಯಲ್ಲಿ ಅದು ಕಂಡ ದಿನಗಳಿವೆ. ಮೂರು ಸಲ ಕರೆ ಮಾಡಿಯೂ ಎತ್ತದಿದ್ದರೆ ನನಗೆ ಸಂದೇಶ ಬರುತ್ತದೆ.

ಆದರೆ ಈ ಕೊನೆಯ ಸೌಲಭ್ಯ ಮಲೆನಾಡಿನ ಮಳೆಗೆ ಹೊಂದುವುದಿಲ್ಲ. ಹಳೆಯ ತಾಮ್ರದ ತಂತಿಯ ಫೋನಿಗೆ ವಿನಿಮಯ ಕೇಂದ್ರದಿಂದಲೇ ವಿದ್ಯುತ್ತು ಬರುತ್ತಿದ್ದುದರಿಂದ ಮನೆಯಲ್ಲಿ ಕರೆಂಟು ಹೋದರೂ ಫೋನು ನಡೆಯುತ್ತಿತ್ತು. ಈಗಿನ ಫೈಬರ್ ಸಂಪರ್ಕದ ಪೆಟ್ಟಿಗೆಗೆ ಮನೆಯ ಕರೆಂಟೇ ಬೇಕು. ಆರಿದ್ರೆ ಮಳೆ ಆರದೆ ಹೊಯ್ಯುವ ಕಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ಮೂರು ದಿನ ಕರೆಂಟಿಲ್ಲದಿದ್ದಾಗ, ಮೂರು ದಿನವೂ ‘ಹಿರಿಯರು ಕರೆ ಸ್ವೀಕರಿಸಿಲ್ಲ’ ಎಂಬ ಸಂದೇಶ ನನಗೆ ಬಂತು. ಮೊದಲ ದಿನ ಪಕ್ಕದ ಮನೆಯವರು ನನ್ನ ಮಾತಿಗೆ ಕಂಬಳಿಕೊಪ್ಪೆ ಹಾಕಿಕೊಂಡು ಹೋಗಿ ನೋಡಿಬಂದರು. ಫೋನು ಎತ್ತದಿರುವುದಕ್ಕೂ ಸಂಪರ್ಕವೇ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸವನ್ನು ಸಂದೇಶದಲ್ಲಿ ತಿಳಿಸಬೇಕು.

ಮಾತಿನ ವಿಷಯಕ್ಕೆ ಬಂದರೆ, ಕೇಳಿದ ಮಾತನ್ನು ಬರಹ ಮಾಡಿಕೊಂಡು, ಉತ್ತರ ಕಟ್ಟಿ, ಅದನ್ನು ಮತ್ತೆ ಧ್ವನಿಯಾಗಿಸುವಷ್ಟರಲ್ಲಿ ಒಂದೆರಡು ಕ್ಷಣ ತಡವಾಗುತ್ತದೆ. ಆ ಮೌನದಲ್ಲಿ ದೊಡ್ಡಮ್ಮ ಮತ್ತೆ ಮಾತು ಶುರುಮಾಡುತ್ತಾರೆ, ಎರಡೂ ಮಾತು ಡಿಕ್ಕಿಯಾಗುತ್ತವೆ. ಎರಡು ವಾರದಲ್ಲಿ ಅವರೇ ಕಾಯುವುದನ್ನು ಕಲಿತರು. ನಮ್ಮ ಕಡೆಯ ಕನ್ನಡವಂತೂ ಅದಕ್ಕೆ ಇನ್ನೂ ಪೂರ್ತಿ ಒಲಿದಿಲ್ಲ. ‘ತೋಟಕ್ಕೆ ಕೊಳೆ ಬಂದಿದೆ’ ಎಂದು ದೊಡ್ಡಮ್ಮ ಸಂಕಟದಿಂದ ಹೇಳಿದರೆ, ಅಡಿಕೆಯ ಎಳೆಗಾಯಿ ಕೊಳೆತು ಉದುರುವ ಆ ರೋಗವನ್ನು ಕಸವೆಂದು ತಿಳಿದು ಶುಚಿತ್ವದ ಬಗ್ಗೆ ಸಲಹೆ ಕೊಟ್ಟಿತಂತೆ. ಮಳೆ ಹಿಡಿಯುವ ಮುನ್ನ ಮೈಲುತುತ್ತ ಮತ್ತು ಸುಣ್ಣದ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಒಮ್ಮೆ ಹೊಡೆಸಿ, 40–45 ದಿನಕ್ಕೆ ಮತ್ತೊಮ್ಮೆ ಹೊಡೆಸಲು ಮಳೆ ಬಿಡುವು ಕೊಡದೆ, ಎಳೆಗಾಯಿ ಉದುರುವುದನ್ನು ನೋಡುತ್ತ ಕೂತವರಿಗೆ ಆ ಉತ್ತರದಿಂದ ಆಗುವ ಬೇಸರವನ್ನು ತೋಟ ಇರುವವರು ಬಲ್ಲರು. ‘ಎಂತ ಹೇಳದು ಮಾರಾಯ್ತಿ, ಅದಕ್ಕೆ ತೋಟವೇ ಗೊತ್ತಿಲ್ಲ’ ಎಂದರು ದೊಡ್ಡಮ್ಮ. ಆದರೂ ಮರುದಿನ ಕೊಳೆರೋಗವೆಂದರೇನು ಎಂದು ಅದಕ್ಕೆ ಬಿಡಿಸಿ ಹೇಳಿದ್ದರು. ಒಬ್ಬರಿಗೆ ಏನನ್ನಾದರೂ ತಿಳಿಸಿಕೊಡುವ ಅವಕಾಶ ಅವರಿಗೆ ಎಷ್ಟು ಕಾಲದ ಮೇಲೆ ಸಿಕ್ಕಿತೋ ಎಂದು ನನಗೆ ಅನ್ನಿಸಿದ್ದು ಆಗಲೇ.

ಇನ್ನು ಮುಖ್ಯ ವಿಷಯ. ಪ್ರತಿ ಕರೆಯ ನಂತರ ಹಣ ಕಟ್ಟಿದವರ ಫೋನಿಗೆ ಒಂದು ಪುಟ್ಟ ವರದಿ ಬರುತ್ತದೆ: ಊಟ ಮಾಡಿದರು, ಮಾತ್ರೆ ತೆಗೆದುಕೊಂಡರು, ಮನಸ್ಸು ಹೀಗಿತ್ತು ಎಂದು. ಸೇವೆಯವರು ಇದನ್ನೇ ದೊಡ್ಡ ಆಕರ್ಷಣೆಯೆಂದು ಹೇಳುತ್ತಾರೆ, ನಾನೂ ಹಾಗೆಯೇ ತಿಳಿದಿದ್ದೆ. ಜುಲೈ ಎರಡನೆಯ ವಾರದ ಒಂದು ಸಂಜೆ ಬಂದ ವರದಿಯಲ್ಲಿ, ‘ಇಂದು ಎಳವೆಯಲ್ಲೇ ತೀರಿಕೊಂಡ ಮಗಳ ಬಗ್ಗೆ ಮಾತನಾಡಿದರು, ಮನಸ್ಥಿತಿ: ದುಃಖ’ ಎಂದಿತ್ತು. ನಮ್ಮ ಮನೆತನದಲ್ಲಿ ಆ ಮಗುವಿನ ಮಾತನ್ನು ಯಾರೂ ಎತ್ತುವುದಿಲ್ಲ. ದೊಡ್ಡಮ್ಮನ ಬಾಯಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಭಾನುವಾರ ಫೋನಿನಲ್ಲಿ, ಸಮಾಧಾನ ಹೇಳುವ ಉದ್ದೇಶದಿಂದಲೇ, ಆ ವಿಷಯ ತೆಗೆದೆ. ಆ ಕಡೆ ಸುಮಾರು ಹೊತ್ತು ಮಳೆಯ ಸದ್ದು ಮಾತ್ರ ಕೇಳಿಸಿತು. ಆಮೇಲೆ, ‘ನಿಂಗೆ ಯಾರು ಹೇಳಿದ್ರು?’ ಎಂದರು. ನಾನು ಇದ್ದದ್ದನ್ನು ಹೇಳಿದೆ. ಮುಂದಿನ ಎರಡು ವಾರ ವರದಿಯಲ್ಲಿ ಮಳೆ ಮತ್ತು ಊಟ ಬಿಟ್ಟರೆ ಬೇರೇನೂ ಇರಲಿಲ್ಲ.

1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನಿ ಜೋಸೆಫ್ ವೈಜೆನ್‌ಬಾಮ್ ಅವರು ರೂಪಿಸಿದ ಎಲೈಜಾ ಎಂಬ, ಸಂವಾದ ನಡೆಸುವ ಸರಳ ಕಂಪ್ಯೂಟರ್ ಪ್ರೋಗ್ರಾಮಿನ ಬಗ್ಗೆ ಅವರೇ ಹೇಳಿಕೊಂಡ ಪ್ರಸಂಗವೊಂದಿದೆ. ಅದು ಬರಿಯ ಯಂತ್ರವೆಂದು ತಿಳಿದಿದ್ದ ಅವರ ಕಾರ್ಯದರ್ಶಿ, ಅದರೊಡನೆ ಸ್ವಲ್ಪ ಹೊತ್ತು ಸಂವಾದಿಸಿದ ಮೇಲೆ, ದಯವಿಟ್ಟು ಕೋಣೆಯಿಂದ ಹೊರಗಿರಿ ಎಂದು ಅವರನ್ನು ಕೇಳಿದರಂತೆ. ಯಂತ್ರದ ಮುಂದೆ ಮನಸ್ಸು ಬಿಚ್ಚುವಾಗಲೂ ಮನುಷ್ಯರಿಗೆ ಬಾಗಿಲು ಹಾಕಿಕೊಳ್ಳಬೇಕೆನಿಸುತ್ತದೆ. ದೊಡ್ಡಮ್ಮ ಹಾಕಿಕೊಂಡಿದ್ದ ಆ ಬಾಗಿಲನ್ನು, ಅವರಿಗೆ ತಿಳಿಯದೆ, ನಾನು ಹಣ ಕೊಟ್ಟು ತೆರೆಸಿದ್ದೆ. ದಕ್ಷಿಣ ಕೊರಿಯಾದ ನೇವರ್ ಸಂಸ್ಥೆ 2021ರಲ್ಲಿ ಬೂಸಾನ್ ನಗರದಲ್ಲಿ ಪ್ರಾಯೋಗಿಕವಾಗಿ ಶುರುಮಾಡಿದ ಇಂಥದ್ದೇ ಸೇವೆಯಲ್ಲಿ ಕರೆಯ ವಿವರ ಸಮಾಜಸೇವಾ ಸಿಬ್ಬಂದಿಗೆ ಹೋಗುತ್ತದೆ. ನಮ್ಮಲ್ಲಿ ಅದು ಮಕ್ಕಳಿಗೆ, ಸೊಸೆಯಂದಿರಿಗೆ, ನನ್ನಂಥವರಿಗೆ ಬರುತ್ತದೆ. ಮನೆಯವರ ಮುಂದೆ ಆಡಲಾಗದ ಮಾತೇ ಹಿರಿಯರಲ್ಲಿ ಹೆಚ್ಚು ಇರುವಾಗ, ಈ ವ್ಯತ್ಯಾಸ ಬಹಳ ದೊಡ್ಡದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕೇಳುವುದು ಮಾಹಿತಿ ಯಾರದೋ ಅವರ ಸ್ಪಷ್ಟ ಒಪ್ಪಿಗೆಯನ್ನು. ಅರ್ಜಿ ತುಂಬುವಾಗ ಒಪ್ಪಿಗೆಯ ಗುರುತು ಹಾಕಿದವಳು ನಾನು, ದೊಡ್ಡಮ್ಮ ಅಲ್ಲ.

ಸೇವೆಯವರಿಗೆ ಬರೆದೆ. ವರದಿಯನ್ನು ಆರೋಗ್ಯ ಮತ್ತು ತುರ್ತಿಗೆ ಸೀಮಿತಗೊಳಿಸಬಹುದೆಂದು ನಾಲ್ಕು ದಿನದಲ್ಲಿ ಉತ್ತರ ಬಂತು, ಹಾಗೆಯೇ ಮಾಡಿದರು. ಈ ಆಯ್ಕೆ ಅರ್ಜಿಯ ಮೊದಲ ಪುಟದಲ್ಲೇ ಇರಬೇಕಿತ್ತು. ‘ಹಂಗಾರೆ ನಾ ಹೇಳಿದ್ದು ಅದ್ರ ಹತ್ರಾನೇ ಇರುತ್ತಾ?’ ಎಂದು ದೊಡ್ಡಮ್ಮ ಕೇಳಿದರು. ಧ್ವನಿಮುದ್ರಣ ಕಂಪನಿಯ ಕಂಪ್ಯೂಟರಿನಲ್ಲಿ ಉಳಿಯುತ್ತದೆ ಎಂದು ಹೇಳಿದೆ. ಅವರು ಯೋಚಿಸಿ, ಕರೆ ಇರಲಿ ಎಂದರು. ಆದರೆ ನಾಲ್ಕೂವರೆಗೆ ಬೇಡ, ದೀಪ ಹಚ್ಚಿದ ಮೇಲೆ ಆರೂವರೆಗೆ ಬರಲಿ, ಆ ಹೊತ್ತೇ ಕಳೆಯುವುದು ಕಷ್ಟ ಎಂದರು.

ಇದರಿಂದ ಒಂಟಿತನ ಕಡಿಮೆಯಾಗುತ್ತದೆಯೇ ಎಂದು ಕೇಳುವವರಿಗೆ: ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯ ಪ್ರಕಾರ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಒಂಟಿತನ ಅನುಭವಿಸುತ್ತಿದ್ದಾರೆ. ಫೋನಿನ ಮಾತು ಅದಕ್ಕೆ ಮದ್ದಾಗಬಲ್ಲದು ಎಂಬುದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಆಧಾರ ಅಮೆರಿಕದ ಟೆಕ್ಸಾಸಿನಲ್ಲಿ 240 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನ. ಅಲ್ಲಿ ನಾಲ್ಕು ವಾರ ಕರೆ ಮಾಡಿದವರು ಅಲ್ಪ ತರಬೇತಿ ಪಡೆದ ಸಾಮಾನ್ಯ ಜನ, ಯಂತ್ರವಲ್ಲ. ಮನುಷ್ಯರೊಡನೆಯೇ ಮಾತನಾಡಬೇಕೆನ್ನುವವರಿಗೆ ನಮ್ಮಲ್ಲಿ ಸರ್ಕಾರದ 14567 ಹಿರಿಯರ ಸಹಾಯವಾಣಿ ಉಚಿತವಾಗಿ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಇದೆ. ಆ ನಂಬರನ್ನು ದೊಡ್ಡಮ್ಮನ ಫೋನಿನ ಮೇಲಿನ ಗೋಡೆಯಲ್ಲಿ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದೇನೆ. ನಾನೂ ಈಗ ಬುಧವಾರವೂ ಫೋನು ಮಾಡುತ್ತೇನೆ.

ಮುಂದಿನ ಮೂರು ತಿಂಗಳಿಗೆ ಹಣ ಕಟ್ಟಿದೆ. ಈ ಸಲ ಊರಿಗೇ ಹೋಗಿ, ಜಗಲಿಯಲ್ಲಿ ಕೂತು, ಅರ್ಜಿಯನ್ನು ಸಾಲುಸಾಲಾಗಿ ಓದಿ ಹೇಳಿದೆ. ವರದಿಯಲ್ಲಿ ಏನೇನು ಇರಬೇಕು ಎಂಬಲ್ಲಿ ದೊಡ್ಡಮ್ಮ ಹೇಳಿದಂತೆಯೇ ಬರೆದೆವು: ಮಾತ್ರೆ ಮರೆತರೆ ತಿಳಿಸುವುದು, ಬಿದ್ದರೆ ತಿಳಿಸುವುದು, ಉಳಿದದ್ದು ಯಾರಿಗೂ ಬೇಡ.