ಎಂಎಸ್‌ಟಿಸಿ ಇ-ಹರಾಜಿನಲ್ಲಿ ಕಾರು: ಪೋರ್ಟಲ್ ನಂಬಬಹುದು, ಲಾಟನ್ನು ನೋಡಿಯೇ ನಂಬಬೇಕು

ಸರ್ಕಾರಿ ಕಚೇರಿಗಳ, ಸಾರ್ವಜನಿಕ ಉದ್ಯಮಗಳ ಹಳೆಯ ಬೊಲೆರೊ, ಡಿಜೈರ್, ಇನ್ನೋವಾಗಳು ಆನ್‌ಲೈನ್ ಹರಾಜಿಗೆ ಬರುವ ದೊಡ್ಡ ಜಾಗ ಎಂಎಸ್‌ಟಿಸಿ. 1964ರಲ್ಲಿ ಹುಟ್ಟಿದ ಈ ಸಂಸ್ಥೆ ಕೇಂದ್ರ ಉಕ್ಕು ಸಚಿವಾಲಯದ ಅಡಿಯಲ್ಲಿದೆ. ಗುಜರಿ, ಕಲ್ಲಿದ್ದಲು, ಹಳೆಯ ವಾಹನ ಎಲ್ಲವೂ ಇಲ್ಲಿ ಬಿಕರಿಯಾಗುತ್ತವೆ. ಮನೆಗೊಂದು ಕಾರು ಬೇಕು, ಆದರೆ ಮೋಸ ಹೋಗಬಾರದು ಎನ್ನುವವರಿಗೆ ಇದು ಎಷ್ಟು ಹೊಂದುತ್ತದೆ?

ಬಿಡ್ಡಿಂಗ್ ವ್ಯವಸ್ಥೆಗೆ ಒಳ್ಳೆಯ ಅಂಕ ಕೊಡಲೇಬೇಕು. ಮೊದಲು ಇಎಂಡಿ ಎಂಬ ಮುಂಗಡ ಠೇವಣಿ ಕಟ್ಟಬೇಕು, ಹೀಗಾಗಿ ಸುಮ್ಮನೆ ಬೆಲೆ ಏರಿಸಿ ಓಡಿಹೋಗುವವರು ಕಡಿಮೆ. ಕೊನೆಯ ನಿಮಿಷಗಳಲ್ಲಿ ಯಾರಾದರೂ ಬಿಡ್ ಹಾಕಿದರೆ ಮುಕ್ತಾಯದ ಸಮಯ ತಾನಾಗಿ ಮುಂದಕ್ಕೆ ಹೋಗುತ್ತದೆ. ಕೊನೆಯ ಸೆಕೆಂಡಿನಲ್ಲಿ ಲಾಟ್ (ಹರಾಜಿಗಿಟ್ಟ ವಾಹನ) ಹೊಡೆದುಕೊಂಡು ಹೋಗುವ ಆಟ ಇಲ್ಲಿ ನಡೆಯದು. ಆದರೆ ಒಂದು ಪದ ಚೆನ್ನಾಗಿ ಗೊತ್ತಿರಬೇಕು: ಎಸ್‌ಟಿಎ, ಅಂದರೆ ‘ಸಬ್ಜೆಕ್ಟ್ ಟು ಅಪ್ರೂವಲ್’. ಲಾಟ್‌ಗೆ ಹಾಗೆಂದು ಬಂದರೆ ನಿಮ್ಮದೇ ಅತಿ ಹೆಚ್ಚಿನ ಬಿಡ್ ಆಗಿದ್ದರೂ ಕಾರು ಇನ್ನೂ ನಿಮ್ಮದಲ್ಲ, ಮಾರುವ ಇಲಾಖೆ ಒಪ್ಪಬೇಕು. ದಲ್ಲಾಳಿಗಳು ಫೋನ್ ಮಾಡುವುದು ಈ ಕಾಯುವ ದಿನಗಳಲ್ಲೇ: ‘ಅಪ್ರೂವಲ್ ಮಾಡಿಸಿಕೊಡ್ತೀನಿ, ಇಪ್ಪತ್ತು ಸಾವಿರ ಹಾಕಿ ಸಾರ್.’ ಒಂದು ರೂಪಾಯಿಯನ್ನೂ ಹಾಕಬೇಡಿ. ಠೇವಣಿಯಾಗಲಿ ಬಾಕಿಯಾಗಲಿ, ನಿಮ್ಮ ಲಾಗಿನ್ ಒಳಗೆ ಮತ್ತು ಅಧಿಕೃತ ಮಾರಾಟ ಪತ್ರದಲ್ಲಿ ತೋರಿಸಿದ ದಾರಿಯಲ್ಲೇ ಹೋಗಬೇಕು. ವ್ಯಕ್ತಿಯ ಹೆಸರಿನ ಯುಪಿಐ, ಕ್ಯೂಆರ್ ಕೋಡ್ ಬಂದರೆ ಅಲ್ಲಿಗೆ ಮಾತು ಮುಗಿಯಿತು.

ವಾಟ್ಸಾಪ್‌ನಲ್ಲಿ ಬರುವ ಲಾಟ್ ಚಿತ್ರಗಳೂ ಇದೇ ಜಾತಿಯವು. ಅಸಲಿ ಲಾಟ್‌ನ ಫೋಟೊ ಕದ್ದು, ಮೊದಲು ಬುಕಿಂಗ್, ಆಮೇಲೆ ಗೇಟ್ ಪಾಸ್, ಆಮೇಲೆ ಆರ್‌ಟಿಒ ಖರ್ಚು ಎಂದು ಕಂತು ಕಂತಾಗಿ ಕೀಳುತ್ತಾರೆ. ಮೊದಲ ಕಂತು ಚಿಕ್ಕದಾಗಿರುವುದೇ ಬಲೆ. ಒಮ್ಮೆ ಕೊಟ್ಟವರು ಅದು ಹೋಗಬಾರದೆಂದು ಮತ್ತೆ ಕೊಡುತ್ತಾರೆ. ಲಿಂಕ್ ಒತ್ತಬೇಡಿ. ಎಂಎಸ್‌ಟಿಸಿಇಕಾಮರ್ಸ್ ಡಾಟ್ ಕಾಮ್ ಎಂದು ನೀವೇ ಟೈಪ್ ಮಾಡಿ, ಹರಾಜು ಸಂಖ್ಯೆ ಹಾಕಿ ಹುಡುಕಿ. ಹಣ ಹೋಗಿಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರಿರುತ್ತದೆ.

ಈಗ ಅಸಲಿ ಅಪಾಯಕ್ಕೆ ಬರೋಣ. ಇದು ಕಾಗದದಲ್ಲಿದೆ. ಸರ್ಕಾರಿ ವಾಹನಕ್ಕೆ 15 ವರ್ಷ ತುಂಬಿದ ಮೇಲೆ ನೋಂದಣಿ ನವೀಕರಣ ಇಲ್ಲ ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅಂಥವು ‘ಇಎಲ್‌ವಿ’ (ಆಯಸ್ಸು ಮುಗಿದ ವಾಹನ) ಎಂದು, ನೋಂದಾಯಿತ ಗುಜರಿ ಘಟಕಗಳಿಗೆ ಮಾತ್ರ ಎಂದು ಹರಾಜಿಗೆ ಬರುತ್ತವೆ. ಅಂಥ ಕಾರನ್ನು ‘ಸರ್ಕಾರಿ ಗಾಡಿ, ಕಡಿಮೆ ಓಡಿದೆ, ಎಪ್ಪತ್ತು ಸಾವಿರಕ್ಕೆ ಕೊಡಿಸ್ತೀನಿ’ ಎಂದು ಯಾರಾದರೂ ಕೊಟ್ಟರೆ ನಿಮಗೆ ಸಿಗುವುದು ಕಬ್ಬಿಣ, ರಸ್ತೆಗಿಳಿಯುವ ವಾಹನವಲ್ಲ. ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಅದು ನಿಮ್ಮ ಹೆಸರಿಗೆ ಆಗದು.

ಹಾಗಾಗಿ ಬಿಡ್‌ಗೆ ಮೊದಲು ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನಾಲ್ಕು ಸಂಗತಿ ನೋಡಿ: ಆರ್‌ಸಿ ‘ಆ್ಯಕ್ಟಿವ್’ ಇದೆಯೇ, ಮೊದಲ ನೋಂದಣಿಯ ದಿನಾಂಕ ಯಾವುದು, ಬ್ಲ್ಯಾಕ್‌ಲಿಸ್ಟ್ ಇದೆಯೇ, ಸಾಲ ನಮೂದಾಗಿದೆಯೇ. ಕಳವಿನ ಅನುಮಾನಕ್ಕೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ (ಎನ್‌ಸಿಆರ್‌ಬಿ) ಜಾಲತಾಣದಲ್ಲಿ ವಾಹನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತೆಗೆಯಬಹುದು. ಬಾಕಿ ದಂಡವನ್ನೂ ನೋಡಿಬಿಡಿ. ಇಲಾಖೆಯ ಕಾರಿಗೆ ದಂಡ ಇರದು ಎಂದುಕೊಳ್ಳಬೇಡಿ.

ಸರ್ಕಾರಿ ಹರಾಜಿನ ಕಾರು ಹೆಸರು ಬದಲಾಗುವುದು ನಮೂನೆ 32ರಲ್ಲಿ. ವಾಹನ ಕೈಗೆ ಬಂದ 30 ದಿನದೊಳಗೆ ಅರ್ಜಿ ಹಾಕಬೇಕು. ಜೊತೆಗೆ ಆರ್‌ಸಿ, ವಿಮೆ, ಮಾರಾಟ ದೃಢೀಕರಿಸಿದ ಪತ್ರ, ಹರಾಜಿಗೆ ಅನುಮತಿ ಕೊಟ್ಟ ಸರ್ಕಾರಿ ಆದೇಶದ ದೃಢೀಕೃತ ಪ್ರತಿ. ಜನ ಸಿಕ್ಕಿಬೀಳುವುದು ಆ ಕೊನೆಯ ಕಾಗದಕ್ಕೇ. ಕಾರು ಅಂಗಳದಿಂದ ಹೊರಬಿದ್ದ ಮೇಲೆ ಕಚೇರಿ ಕಚೇರಿ ಅಲೆಯಬೇಕಾಗುತ್ತದೆ, ಆದ್ದರಿಂದ ಗಾಡಿ ನೋಡಲು ಹೋದ ದಿನವೇ ಆರ್‌ಸಿ ಮೂಲಪ್ರತಿ ಇದೆಯೇ, ಆದೇಶದ ಪ್ರತಿ ಯಾರು ಕೊಡುತ್ತಾರೆ ಎಂದು ಅಲ್ಲಿನ ಅಧಿಕಾರಿಯನ್ನು ಕೇಳಿ. ಬ್ಯಾಂಕ್ ಜಪ್ತಿ ಮಾಡಿದ ಕಾರಿನ ದಾರಿ ಬೇರೆ: ಹಳೆಯ ಮಾಲೀಕರು ಸಹಿ ಹಾಕಿದ 29, 30 ಮತ್ತು ಸಾಲ ತೀರಿದ ನಮೂನೆ 35, ಇಲ್ಲವೇ ಬ್ಯಾಂಕೇ ನಮೂನೆ 36ರಲ್ಲಿ ತನ್ನ ಹೆಸರಿಗೆ ಪಡೆದ ಆರ್‌ಸಿ.

ಹರಾಜು ‘ಇದ್ದಲ್ಲಿ, ಇದ್ದ ಹಾಗೆ’. ದೂರು ನಡೆಯದು. ಲಾಟ್ ವಿವರ ಸಾಮಾನ್ಯವಾಗಿ ಒಂದೆರಡು ಸಾಲು, ಇದು ಈ ಸೇವೆಯ ದೊಡ್ಡ ಕೊರತೆ. ಆದ್ದರಿಂದ ಮೆಕ್ಯಾನಿಕ್, ಟಾರ್ಚ್, ಜಂಪರ್ ಕೇಬಲ್ ಇಲ್ಲದೆ ಹೋಗಬೇಡಿ. ಚಾಸಿ ನಂಬರ್ 17 ಅಕ್ಷರ-ಅಂಕಿಗಳದು. ಆರ್‌ಸಿಯೊಂದಿಗೆ ಒಂದೊಂದಾಗಿ ಹೋಲಿಸಿ. ಸುತ್ತ ಉಜ್ಜಿದ ಗುರುತು, ಹೊಸ ಬಣ್ಣ, ಅಂಕಿಗಳ ಸಾಲು ಓರೆ ಇದ್ದರೆ ಅಲ್ಲಿಂದಲೇ ವಾಪಸ್. ಅಪಘಾತದ ಗುಜರಿ ಕಾರಿನ ನಂಬರನ್ನು ಕದ್ದ ಕಾರಿಗೆ ಹಾಕುವ ದಂಧೆ ಇಂಥ ಗುರುತು ಬಿಡುತ್ತದೆ. ನೀರಿನಲ್ಲಿ ಮುಳುಗಿದ ಕಾರು ತಿಳಿಯಲು ಸೀಟ್ ಬೆಲ್ಟ್ ಪೂರ್ತಿ ಎಳೆಯಿರಿ. ಹೊರಗೆ ತೊಳೆದಿರುತ್ತಾರೆ, ಒಳಗೆ ಸುತ್ತಿಕೊಂಡ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನ ಕೆಳಗಿನ ಬೋಲ್ಟ್‌ಗಳ ತುಕ್ಕು, ಫ್ಯೂಸ್ ಬಾಕ್ಸ್‌ನ ಹಸಿರು ಕಿಲುಬು ನೋಡಿ. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹೊತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಹೊತ್ತುವುದೇ ಇಲ್ಲವೆಂದರೆ ದೋಷ ಮುಚ್ಚಲು ದೀಪವನ್ನೇ ಕಿತ್ತಿರಬಹುದು. ಟೈರಿನ ನಾಲ್ಕಂಕಿ ತಯಾರಾದ ವಾರ-ವರ್ಷ ಹೇಳುತ್ತದೆ: 3518 ಎಂದರೆ 2018ರ 35ನೇ ವಾರ.

ಲೆಕ್ಕವನ್ನು ಕಾಗದದ ಮೇಲೆ ಬರೆದುಕೊಳ್ಳಿ. ಬಿಡ್ ಬೆಲೆಯಲ್ಲಿ ಜಿಎಸ್‌ಟಿ ಸೇರಿದೆಯೋ ಮೇಲಿಂದ ಬರುತ್ತದೋ, ಷರತ್ತು ಓದಿ. 10 ಲಕ್ಷ ಮೀರಿದ ಕಾರಿಗೆ 1% ಟಿಸಿಎಸ್ (ಮಾರುವವರೇ ಸಂಗ್ರಹಿಸುವ ತೆರಿಗೆ) ಇದೆ. ಅಂತಿಮ ದಿನ ದಾಟಿದರೆ ಅಂಗಳದ ಬಾಡಿಗೆ ಬೀಳಬಹುದು, ಹಣ ಕಟ್ಟದಿದ್ದರೆ ಠೇವಣಿಯೇ ಹೋಗುತ್ತದೆ. ಹೊರರಾಜ್ಯದ ಕಾರಾದರೆ ನಮೂನೆ 28ರ ಎನ್‌ಒಸಿ ಬೇಕು, ಮೇಲೆ ಕರ್ನಾಟಕದ ಜೀವಾವಧಿ ತೆರಿಗೆ. ಅಗ್ಗದ ದೆಹಲಿ ನಂಬರ್‌ಗಳ ಲಾಭ ಕರಗುವುದು ಇಲ್ಲಿಯೇ.

ನಮ್ಮ ಲೆಕ್ಕದಲ್ಲಿ 5ಕ್ಕೆ 3. ಖುದ್ದಾಗಿ ಹೋಗಿ ನೋಡಲು, ಕಚೇರಿ ಸುತ್ತಲು ಸಮಯ ಇರುವವರು ಧೈರ್ಯವಾಗಿ ಬಿಡ್ ಹಾಕಲಿ. ತಿಂಗಳೊಳಗೆ ಮನೆಮುಂದೆ ಕಾರು ಓಡಬೇಕು ಎನ್ನುವವರು ಬೇರೆ ಕಡೆ ನೋಡಲಿ. ಗೆದ್ದ ಕಾರನ್ನು ಅಂಗಳದಿಂದ ತರುವಾಗ ವಿಮೆ ಮುಗಿದಿದೆಯೇ ನೋಡಿ. ಮುಗಿದಿದ್ದರೆ ಥರ್ಡ್ ಪಾರ್ಟಿ ವಿಮೆ ಆಗುವವರೆಗೆ ಓಡಿಸದೆ ಟೋಯಿಂಗ್ ಗಾಡಿಯಲ್ಲೇ ತನ್ನಿ.