ಹೊರಗಿನ ದೀಪಕ್ಕೆ ಯಾವ ಸ್ಮಾರ್ಟ್ ಸ್ವಿಚ್? ಮೂರನ್ನೂ ಹಾಕಿ ನೋಡಿದೆ

ನಮ್ಮ ಮನೆ ಮೈಸೂರಿನಲ್ಲಿ. ಹೊರಗೆ ನಾಲ್ಕು ದೀಪ. ಗೇಟಿನ ಎರಡು ಕಂಬಕ್ಕೆ ಒಂದೊಂದು, ಪೋರ್ಟಿಕೋಗೆ ಒಂದು, ಹಿತ್ತಲಿಗೆ ಒಂದು. ಎಲ್ಲವೂ 9 ವಾಟಿನ ಎಲ್‌ಇಡಿ. ಸಂಜೆ ಆದ ಕೂಡಲೇ ದೀಪ ಹಾಕೋದು ಅಮ್ಮ. ನಾವು ಊರಿಗೆ ಹೋದಾಗ ಮಾತ್ರ ಫಜೀತಿ. ಒಂದೋ ನಾಲ್ಕು ದಿನ ಮನೆ ಕತ್ತಲಲ್ಲಿ, ಇಲ್ಲಾಂದ್ರೆ ಹಗಲು ರಾತ್ರಿ ದೀಪ ಉರೀತಾ ಇರೋದು. ಮನೇಲಿ ಯಾರೂ ಇಲ್ಲ ಅಂತ ಬೀದಿಗೆಲ್ಲ ಹೇಳಿದ ಹಾಗೆ ಅಲ್ವಾ? ಅದಕ್ಕೇ ಒಂದು ವರ್ಷದಲ್ಲಿ ಮೂರು ಬಗೆಯನ್ನು ಹಾಕಿ ನೋಡಿದೆ.

ಮೊದಲು ತಂದದ್ದು ಸ್ಮಾರ್ಟ್ ಬಲ್ಬು. ಸುಮಾರು 600 ರೂಪಾಯಿ. ವೈರಿಗೆ ಕೈ ಹಚ್ಚೋದೇ ಬೇಡ. ಹಳೇ ಬಲ್ಬು ಬಿಚ್ಚಿ ಇದನ್ನು ಹಾಕಿ, ಫೋನಿಗೆ ಸೇರಿಸಿದರೆ ಆಯಿತು. ಪೋರ್ಟಿಕೋಗೆ ಹಾಕಿದೆ. ಒಂದು ವಾರ ಬಹಳ ಚೆನ್ನಾಗಿತ್ತು. ಆದರೆ ಇದಕ್ಕೆ ಗೋಡೆಯ ಸ್ವಿಚ್ಚು ಯಾವಾಗಲೂ ಆನ್ ಇರಬೇಕು. ರಾತ್ರಿ ಬಾಗಿಲು ಹಾಕುವಾಗ ಸ್ವಿಚ್ಚು ಆರಿಸೋದು ಅಮ್ಮನಿಗೆ ಎಷ್ಟೋ ವರ್ಷದ ಅಭ್ಯಾಸ. ಸ್ವಿಚ್ಚು ಆರಿದರೆ ಬಲ್ಬಿಗೆ ಕರೆಂಟೇ ಇಲ್ಲ. ಮಾರನೇ ಸಂಜೆ ಫೋನಿನಲ್ಲಿ ಎಷ್ಟು ಒತ್ತಿದರೂ ಹತ್ತಲ್ಲ. ಸ್ವಿಚ್ಚಿನ ಮೇಲೆ ಟೇಪು ಅಂಟಿಸಿದೆ. ಅಮ್ಮ ಅದನ್ನು ನೋಡಿ, "ಸ್ವಿಚ್ಚು ಇರೋದೇ ಆರಿಸೋಕೆ ಅಲ್ವೇನೋ?" ಅಂದರು. ಅವರ ಮಾತು ಸರಿಯಾಗಿಯೇ ಇತ್ತು. ಮನೆಯಲ್ಲಿ ಎಲ್ಲರೂ ಬಳಸುವ ದೀಪಕ್ಕೆ ಸ್ವಿಚ್ಚು ಮುಟ್ಟಬೇಡಿ ಅನ್ನೋ ಕಟ್ಟಳೆ ನಡೆಯಲ್ಲ. ಆ ಬಲ್ಬು ಈಗ ನನ್ನ ಓದುವ ಕೋಣೆಯಲ್ಲಿದೆ, ಅಲ್ಲಿ ಚೆನ್ನಾಗಿದೆ.

ಎರಡನೆಯದು ಬೆಳಕು ನೋಡಿ ತಾನೇ ಹತ್ತಿ ಆರುವ ಸೆನ್ಸರ್, ಬೀದಿ ದೀಪಕ್ಕೆ ಹಾಕ್ತಾರಲ್ಲ, ಅಂಥದ್ದು. ನಾನು ಕೊಟ್ಟದ್ದು 200 ರೂಪಾಯಿ. ಇದಕ್ಕೆ ನೆಟ್ಟೂ ಬೇಡ, ಫೋನೂ ಬೇಡ. ನಿಜ ಹೇಳಬೇಕಂದ್ರೆ ಇದನ್ನು ಸ್ಮಾರ್ಟ್ ಅಂತ ಯಾರೂ ಕರೆಯಲ್ಲ. ಆದರೂ ಗೇಟಿನ ದೀಪಕ್ಕೆ ನನಗೆ ಇದೇ ಹಿಡಿಸಿತು. ಮೈಸೂರಿನಲ್ಲಿ ಡಿಸೆಂಬರ್ ಶುರುವಿನಲ್ಲಿ 6 ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಜೂನ್ ಕೊನೆಗೆ ಅದು 6:50ರ ಹತ್ತಿರ. ಸಾಮಾನ್ಯ ಟೈಮರ್ ಆದರೆ ಆಗಾಗ ಸಮಯ ತಿದ್ದುತ್ತಾ ಇರಬೇಕು. ಸೆನ್ಸರ್‌ಗೆ ಆ ತಲೆನೋವಿಲ್ಲ. ಮಳೆಗಾಲದಲ್ಲಿ ಮೋಡ ಕವಿದು ಮಧ್ಯಾಹ್ನ 4ಕ್ಕೇ ಹತ್ತಿದ್ದೂ ಉಂಟು, ಅದರಿಂದ ನಷ್ಟವೇನಿಲ್ಲ.

ಕೂರಿಸುವ ಜಾಗ ಮಾತ್ರ ನೋಡಿಕೊಳ್ಳಬೇಕು. ಮೊದಲ ದಿನ ಅದನ್ನು ಕಂಬದ ದೀಪದ ಪಕ್ಕದಲ್ಲೇ ಹಾಕಿದ್ದೆ. ಕತ್ತಲಾದಾಗ ದೀಪ ಹತ್ತಿತು. ಆ ಬೆಳಕನ್ನೇ ನೋಡಿ ಸೆನ್ಸರ್ ಬೆಳಗಾಯಿತು ಅಂದುಕೊಂಡು ಆರಿಸಿತು. ಆರಿದ ಮೇಲೆ ಮತ್ತೆ ಕತ್ತಲು, ಮತ್ತೆ ಹತ್ತಿತು. ರಾತ್ರಿಯಿಡೀ ಇದೇ ಆಟ. ಮಾರನೇ ದಿನ ಎರಡಡಿ ಕೆಳಗೆ, ದೀಪದ ಬೆಳಕು ಬೀಳದ ಕಡೆಗೆ ತಿರುಗಿಸಿದ ಮೇಲೆ ಸರಿಹೋಯಿತು. ಇನ್ನೊಂದು ವಿಷಯ. ಮಳೆಗಾಲ ಮುಗಿದ ಮೇಲೆ ಅದರ ಡಬ್ಬಿ ಬಿಚ್ಚಿದರೆ ಒಳಗೆ ಸಣ್ಣ ಕೆಂಪಿರುವೆ ತುಂಬಿತ್ತು. ವೈರು ಸೇರಿಸುವ ಟರ್ಮಿನಲ್ ಸುತ್ತ ಬಿಳೀ ರವೆ ಚೆಲ್ಲಿದ ಹಾಗೆ ಮೊಟ್ಟೆ. ವೈರು ಒಳಗೆ ಹೋಗುವ ತೂತು ಮುಚ್ಚಿರಲಿಲ್ಲ, ಅಲ್ಲಿಂದಲೇ ಬಂದಿದ್ದವು. ಒರೆಸಿ, ತೂತಿಗೆ ಸಿಲಿಕೋನ್ ಅಂಟು ಹಾಕಿದೆ. ವೈರನ್ನು ಸ್ವಲ್ಪ ಕೆಳಕ್ಕೆ ಬಳಸಿ ಮೇಲಕ್ಕೆ ತಂದೆ. ಹಾಗೆ ಮಾಡಿದರೆ ಮಳೆನೀರು ಡಬ್ಬಿಯೊಳಗೆ ಹೋಗದೆ ಬಗ್ಗಿದ ಜಾಗದಲ್ಲೇ ತೊಟ್ಟಿಕ್ಕುತ್ತದೆ.

ಇದರ ಒಂದೇ ಕೊರತೆ, ಬೆಳಗಿನ ತನಕ ಉರಿಯುತ್ತಲೇ ಇರುತ್ತದೆ. ಮಧ್ಯರಾತ್ರಿ ಆರಿಸು ಅಂದರೆ ಕೇಳಲ್ಲ.

ಮೂರನೆಯದು ವೈಫೈ ರಿಲೇ, ಅಂದರೆ ಫೋನಿನಲ್ಲಿ ಹೇಳಿದ ಹಾಗೆ ಕರೆಂಟು ಬಿಡುವ, ಕಡಿಯುವ ಸಣ್ಣ ಸ್ವಿಚ್ಚು. ಬೆಂಕಿಪೊಟ್ಟಣದಷ್ಟು ದೊಡ್ಡದು, ಸ್ವಿಚ್ ಬೋರ್ಡಿನ ಒಳಗೇ ಕೂರುತ್ತದೆ. ಒಂದಕ್ಕೆ ಸುಮಾರು 900 ರೂಪಾಯಿ ಆಯಿತು. ಅದರಲ್ಲಿ ಫೇಸ್ (ಕರೆಂಟು ಬರುವ ವೈರು), ನ್ಯೂಟ್ರಲ್ (ಕರೆಂಟು ಹಿಂತಿರುಗುವ ವೈರು), ದೀಪಕ್ಕೆ ಹೋಗುವ ಲೈನು, ಜೊತೆಗೆ ಗೋಡೆಯ ಸ್ವಿಚ್ಚಿನಿಂದ ಬರುವ ಎರಡು ವೈರಿಗೆ ಜಾಗ. ಕೊನೆಯ ಎರಡು ವೈರೇ ಮುಖ್ಯ. ಅದರಿಂದ ಹಳೇ ಸ್ವಿಚ್ಚು ಮೊದಲಿನ ಹಾಗೇ ಕೆಲಸ ಮಾಡುತ್ತದೆ. ಅಮ್ಮ ಸ್ವಿಚ್ಚು ಒತ್ತಿ ಆರಿಸಬಹುದು, ನಾನು ಊರಿನಿಂದ ಫೋನಿನಲ್ಲಿ ಹಾಕಬಹುದು. ಯಾರೂ ಯಾರನ್ನೂ ಕೇಳಬೇಕಿಲ್ಲ.

ಪೋರ್ಟಿಕೋ ಬೋರ್ಡಿನಲ್ಲಿ ಪ್ಲಗ್ ಪಾಯಿಂಟ್ ಇದ್ದದ್ದರಿಂದ ನ್ಯೂಟ್ರಲ್ ಅಲ್ಲೇ ಸಿಕ್ಕಿತು. ಹಿತ್ತಲಲ್ಲಿ ಇರೋದು ಒಂದೇ ಸ್ವಿಚ್ಚು. ಬಿಚ್ಚಿದರೆ ಎರಡೇ ವೈರು. "ಸಾರ್, ಇಲ್ಲಿ ನ್ಯೂಟ್ರಲ್ಲೇ ಬಂದಿಲ್ಲ" ಅಂದರು ಎಲೆಕ್ಟ್ರೀಷಿಯನ್. ನ್ಯೂಟ್ರಲ್ ಬೇಡದ ಸ್ಮಾರ್ಟ್ ಸ್ವಿಚ್ಚೂ ಸಿಗುತ್ತದೆ ಅಂತ ಅದನ್ನೂ ತರಿಸಿ ನೋಡಿದೆ. ಆರಿಸಿದ ಮೇಲೂ ಬಲ್ಬು ಮಂಕಾಗಿ ಮಿಣುಕುತ್ತಿತ್ತು. ಅಂಥ ಸ್ವಿಚ್ಚು ತನಗೆ ಬೇಕಾದ ಚೂರು ಕರೆಂಟನ್ನು ಬಲ್ಬಿನ ಮೂಲಕವೇ ಎಳೆಯುತ್ತದೆ. ಹಳೇ 60 ವಾಟಿನ ಬಲ್ಬಿಗೆ ಅದು ಲೆಕ್ಕಕ್ಕಿಲ್ಲ, 9 ವಾಟಿನ ಎಲ್‌ಇಡಿ ಮಿಣುಕೋಕೆ ಅಷ್ಟೇ ಸಾಕಾಗುತ್ತದೆ. ಹೋಲ್ಡರ್ ಹತ್ತಿರ ಒಂದು ಕೆಪಾಸಿಟರ್ ಸೇರಿಸಿದರೆ ನಿಲ್ಲುತ್ತದಂತೆ. ನಾವು ಅದರ ಬದಲು ಅಡುಗೆಮನೆಯ ಬೋರ್ಡಿನಿಂದ ಪೈಪಿನಲ್ಲಿ ಒಂದು ನ್ಯೂಟ್ರಲ್ ಎಳೆಸಿದೆವು. ಹಿತ್ತಲ ದೀಪದ ಫೇಸ್ ಬರುವುದೂ ಅದೇ ಲೈನಿನಿಂದ. ಇದನ್ನು ಖಂಡಿತ ನೋಡಿಕೊಳ್ಳಿ. ಬೇರೆ ಲೈನಿನ ನ್ಯೂಟ್ರಲ್ ತಂದು ಸೇರಿಸಬಾರದು. ಇನ್ವರ್ಟರ್ ಲೈನು ಬೇರೆ ಇರುವ ಮನೆಯಲ್ಲಿ, ಎರಡು ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನು ಕಡಿಯುವ ಸ್ವಿಚ್ಚು) ಇರುವ ಮನೆಯಲ್ಲಿ ಸುಮ್ಸುಮ್ನೆ ಟ್ರಿಪ್ ಆಗುತ್ತದೆ, ಅಪಾಯವೂ ಹೌದು. ಬೋರ್ಡು ಬಿಚ್ಚುವ ಮೊದಲು ಆ ಲೈನಿನ ಎಂಸಿಬಿ (ಮೀಟರ್ ಕಡೆಯ ಬೋರ್ಡಿನಲ್ಲಿರುವ ಬ್ರೇಕರ್ ಸ್ವಿಚ್ಚು) ಇಳಿಸಿ, ಟೆಸ್ಟರ್ ಇಟ್ಟು ನೋಡಿ. ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನೇ ಕರೆಸಿ.

ಸಿಗ್ನಲ್ ವಿಷಯಕ್ಕೂ ಸ್ವಲ್ಪ ಒದ್ದಾಡಿದೆ. ನಾನು ತಂದ ರಿಲೇ 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತದೆ. ಹಿತ್ತಲ ಬೋರ್ಡಿನ ಹಿಂದಿರುವುದು ಕಬ್ಬಿಣದ ಬಾಕ್ಸು, ಮಧ್ಯೆ ಎರಡು ಗೋಡೆ. ದಿನಕ್ಕೆರಡು ಸಲ ಕಡಿದು ಹೋಗುತ್ತಿತ್ತು. ರೂಟರನ್ನು ಹಾಲಿನಿಂದ ಊಟದ ಮನೆಗೆ ತಂದ ಮೇಲೆ ನಿಂತಿತು. ರೂಟರ್‌ಗೆ ಇನ್ವರ್ಟರ್ ಕರೆಂಟು ಕೊಟ್ಟರೆ ಒಳ್ಳೆಯದು, ಯಾಕೆಂದರೆ ರಿಲೇ ಸಮಯ ತಿಳಿಯೋದು ನೆಟ್‌ನಿಂದ. ಇನ್ನೊಂದು ಸೆಟ್ಟಿಂಗ್ ಇದೆ. ಕರೆಂಟು ಹೋಗಿ ಬಂದಾಗ ದೀಪ ಹತ್ತಬೇಕೋ, ಆರಿರಬೇಕೋ, ಮೊದಲಿದ್ದ ಹಾಗೇ ಇರಬೇಕೋ ಅಂತ. ನಾನು ಮೂರನೆಯದಕ್ಕೆ ಇಟ್ಟಿದ್ದೇನೆ.

ನಡುವೆ ಹಿತ್ತಲಿಗೆ ಮೋಷನ್ ಸೆನ್ಸರ್ ಹಾಕಿ ತೆಗೆದೆ. ಬೆಕ್ಕು ಓಡಾಡಿದರೂ ಹತ್ತುತ್ತಿತ್ತು. ಅದು ಗುರುತಿಸೋದು ಮೈಯ ಬಿಸಿಗೂ ಸುತ್ತಲಿನ ಬಿಸಿಗೂ ಇರುವ ವ್ಯತ್ಯಾಸವನ್ನು. ಹಾಗಾಗಿ ಏಪ್ರಿಲ್ ಸೆಕೆಯಲ್ಲಿ ನಾವು ಹತ್ತಿರ ಹೋಗುವ ತನಕ ಹತ್ತುತ್ತಿರಲಿಲ್ಲ.

ರಿಲೇಯ ಸುಖ ನನಗೆ ಹೆಚ್ಚು ತಿಳಿದದ್ದು ಮುಂಗಾರಿನ ಮೊದಲ ಮಳೆಗೆ. ರೆಕ್ಕೆ ಬಂದ ಗೆದ್ದಲು ಹುಳ ಪೋರ್ಟಿಕೋ ದೀಪಕ್ಕೆ ಮುತ್ತಿ, ಬಾಗಿಲ ಸಂದಿಯಿಂದ ಒಳಗೆ ಬರತೊಡಗಿದವು. ಬಾಗಿಲ ಹತ್ತಿರವೂ ಹೋಗದೆ, ಕೂತಲ್ಲಿಂದಲೇ ಹೊರಗಿನದನ್ನೆಲ್ಲ ಆರಿಸಿದೆ.

ಈಗ ಪೋರ್ಟಿಕೋ, ಹಿತ್ತಲು ಎರಡಕ್ಕೂ ರಿಲೇ. ಗೇಟಿಗೆ ಸೆನ್ಸರ್ರೇ ಇದೆ, ಆದರೆ ಅದರ ಲೈನು ಹೊರಡುವ ಪೋರ್ಟಿಕೋ ಬೋರ್ಡಿನಲ್ಲಿ ಇನ್ನೊಂದು ರಿಲೇ ಕೂರಿಸಿದೆ. ಸಂಜೆ 5ಕ್ಕೆ ರಿಲೇ ಸೆನ್ಸರ್‌ಗೆ ಕರೆಂಟು ಬಿಡುತ್ತದೆ. ಕತ್ತಲಾದಾಗ ಸೆನ್ಸರ್ ದೀಪ ಹಾಕುತ್ತದೆ. 11:30ಕ್ಕೆ ರಿಲೇ ಲೈನನ್ನೇ ಕಡಿಯುತ್ತದೆ. ಎರಡು ಬಲ್ಬು 12 ಗಂಟೆ ಉರಿದರೆ ತಿಂಗಳಿಗೆ ಸುಮಾರು ಆರೂವರೆ ಯೂನಿಟ್ ಆಗುತ್ತಿತ್ತು, ಈಗ ಮೂರರ ಹತ್ತಿರ. ಊರಿಗೆ ಹೋದಾಗ ಮಾತ್ರ ಬೆಳಗಿನ ತನಕ ಉರಿಯಲಿ ಅಂತ ಫೋನಿನಲ್ಲೇ ಸಮಯ ಬದಲಿಸುತ್ತೇನೆ.